ಎಂಜಲಾದ ಸಾಸ್ ನೀರಾಗುವುದೇಕೆ?

ಅದ್ದಿಕೊಂಡು ತಿನ್ನಲು ಗಟ್ಟಿ ತೆರಿಯಾಕಿ ಸಾಸ್ (ಸೋಯಾ ಸಾಸಿಗೆ ಸಕ್ಕರೆ ಸೇರಿಸಿ ಮಾಡುವ ಸಿಹಿ-ಉಪ್ಪು ಸಾಸ್) ಬೇಕು ಅಂದರೆ ಎಲ್ಲರೂ ಹೇಳುವುದು ಒಂದೇ: ಇನ್ನೂ ಸ್ವಲ್ಪ ಕುದಿಸಿ, ಬತ್ತಿದರೆ ಗಟ್ಟಿಯಾಗುತ್ತದೆ. ಆಗುತ್ತದೆ, ಸುಳ್ಳಲ್ಲ. ಆದರೆ ಬಾಯಿಗಿಡಲು ಆಗುವುದಿಲ್ಲ. ಸೋಯಾ ಸಾಸಿನಲ್ಲಿ ಸುಮಾರು 16% ಉಪ್ಪಿರುತ್ತದೆ. ಸಮುದ್ರದ ನೀರಿನಲ್ಲೇ ಇರುವುದು 3.5%! ಕುದಿಸಿದಾಗ ಹಬೆಯಾಗಿ ಹೋಗುವುದು ನೀರು, ಉಪ್ಪಲ್ಲ. ಅರ್ಧಕ್ಕೆ ಬತ್ತಿಸಿದರೆ ಒಂದೊಂದು ಹನಿಯೂ ಎರಡರಷ್ಟು ಉಪ್ಪು. ನಾನೂ ಒಮ್ಮೆ ಈ ಸಲಹೆ ನಂಬಿ ಬತ್ತಿಸಿದೆ. ಬಾಣಲೆಯಲ್ಲಿ ಉಳಿದದ್ದು ಉಪ್ಪಿನ ಪಾಕ.

ಜಪಾನಿನಲ್ಲಿ ಬತ್ತಿಸುವುದೇ ರೂಢಿ ನಿಜ. ಆದರೆ ಅಲ್ಲಿ ತೆರಿಯಾಕಿ ಅಂದರೆ ಸಾಸಿನ ಹೆಸರಲ್ಲ, ಅಡುಗೆಯ ಬಗೆ. ತೆರಿ ಅಂದರೆ ಹೊಳಪು, ಯಾಕಿ ಅಂದರೆ ಸುಟ್ಟದ್ದು. ಸೋಯಾ, ಮಿರಿನ್ (ಅಡುಗೆಗೆ ಬಳಸುವ ಅಕ್ಕಿಯ ಸಿಹಿ ಮದ್ಯ), ಸಾಕೆ (ಅಕ್ಕಿಯ ಮದ್ಯ), ಸಕ್ಕರೆ ಸೇರಿದ ತೆಳು ರಸವನ್ನು ಮೀನಿನ ಮೇಲೆ ಸವರುತ್ತಾ ಸುಡುತ್ತಾರೆ. ರಸ ಬತ್ತುವುದು ಮೀನಿನ ಮೈಮೇಲೆ, ಅದೂ ಒಂದು ತೆಳು ಪದರವಾಗಿ. ಗಟ್ಟಿ ಸಿಹಿ ಸಾಸ್ ಸುರಿದ ಕೋಳಿ ಮತ್ತು ಅನ್ನ ಅಮೆರಿಕದ ಸಿಯಾಟಲ್ ಕಡೆಯ ಊಟ. ತೋಶಿ ಕಸಾಹರಾ ಅಲ್ಲಿ ತೆರಿಯಾಕಿ ಅಂಗಡಿ ತೆರೆದದ್ದು 1976ರಲ್ಲಿ. ಬಟ್ಟಲು ತುಂಬ ಹಾಕಿಕೊಂಡು ಅದ್ದಬೇಕಾದರೆ ಉಪ್ಪನ್ನು ಹೆಚ್ಚಿಸದೆ ಗಟ್ಟಿ ಮಾಡುವ ದಾರಿ ಬೇಕು, ಅಲ್ವಾ?

ಆ ದಾರಿ ಪಿಷ್ಟ. ಕಾರ್ನ್‌ಫ್ಲೋರ್ ಅಂದ ಕೂಡಲೇ 'ಕೆಮಿಕಲ್' ಎಂದು ಮೂಗು ಮುರಿಯುವವರಿದ್ದಾರೆ. ಅದು ಮುಸುಕಿನ ಜೋಳದ ಪಿಷ್ಟ, ಅಷ್ಟೇ. ಅನ್ನ ಬಸಿದ ಗಂಜಿಯಲ್ಲಿ ಇರುವುದೂ ಪಿಷ್ಟವೇ, ಅಜ್ಜಿ ಸೀರೆಗೆ ಹಾಕುತ್ತಿದ್ದುದೂ ಪಿಷ್ಟವೇ.

ಪಿಷ್ಟದ ಒಂದು ಕಣ ಅಂದರೆ ಬಿಗಿಯಾಗಿ ಸುತ್ತಿಟ್ಟ ನೂಲಿನ ಉಂಡೆ. ತಣ್ಣೀರಿನಲ್ಲಿ ಅದು ಸುಮ್ನೆ ತಳಕ್ಕೆ ಕೂರುತ್ತದೆ. ಬಿಸಿ ಸುಮಾರು 65 ಡಿಗ್ರಿ ದಾಟಿತೋ, ನೀರು ಒಳಗೆ ನುಗ್ಗುತ್ತದೆ. ನೆನೆಸಿದ ಸಬ್ಬಕ್ಕಿಯ ಹಾಗೆ ಕಣ ಉಬ್ಬುತ್ತದೆ, ಅದರಿಂದ ನೂಲುಗಳು ಹೊರಗೆ ಚಾಚಿಕೊಳ್ಳುತ್ತವೆ. ಈಗ ಕಡಲೆಕಾಯಿ ಪರಿಷೆಯ ಗುಂಪನ್ನು ನೆನೆಸಿಕೊಳ್ಳಿ. ಎಲ್ಲರ ಕೈಯಲ್ಲೂ ಉಬ್ಬಿದ ಚೀಲ, ಒಬ್ಬರ ಸೆರಗು ಇನ್ನೊಬ್ಬರಿಗೆ ಸಿಕ್ಕಿಕೊಂಡಿದೆ. ನಡುವೆ ಸಿಕ್ಕ ನೀರು ಓಡಾಡುವುದಾದರೂ ಹೇಗೆ? ನೀರು ಅಲ್ಲೇ ಇದೆ, ಉಪ್ಪೂ ಅಷ್ಟೇ ಇದೆ, ಹರಿವು ಮಾತ್ರ ನಿಂತಿದೆ. ಒಂದು ಕಪ್ ಸಾಸಿಗೆ ಒಂದರಿಂದ ಒಂದೂವರೆ ಟೇಬಲ್ ಚಮಚ ಕಾರ್ನ್‌ಫ್ಲೋರ್ ಸಾಕು. ರಾಗಿ ಅಂಬಲಿಗೆ ಮಾಡುವಂತೆ ಮೊದಲು ತಣ್ಣೀರಿನಲ್ಲಿ ಕದಡಿ. ಹಿಟ್ಟನ್ನು ನೇರವಾಗಿ ಬಿಸಿಗೆ ಸುರಿದರೆ ಹೊರಗಿನ ಕಣಗಳು ಮೊದಲು ಬೆಂದು ಗೋಡೆ ಕಟ್ಟುತ್ತವೆ, ಒಳಗೆ ಒಣ ಹಿಟ್ಟು ಉಳಿಯುತ್ತದೆ. ಅದೇ ಗಂಟು.

ನನಗೆ ನಿಜಕ್ಕೂ ಹುಚ್ಚು ಹಿಡಿಸಿದ್ದು ಇದಲ್ಲ. ಒಂದು ಸಂಜೆ ಮಗಳು ಹುರಿದ ತೋಫು (ಸೋಯಾ ಹಾಲಿನ ಪನೀರ್) ಕಚ್ಚುತ್ತಾ, ಅದೇ ತುಂಡನ್ನು ಮತ್ತೆ ಮತ್ತೆ ಅದ್ದುತ್ತಾ ಕೂತಿದ್ದಳು. ಕಾಲು ಗಂಟೆಯಲ್ಲಿ ಅವಳ ಬಟ್ಟಲಿನ ಸಾಸ್ ಸಾರಿನಂತಾಗಿತ್ತು. ಪಕ್ಕದ ನನ್ನ ಬಟ್ಟಲಿನದು ಹಾಗೇ ನಿಂತಿತ್ತು. ಮರುದಿನ ಎರಡು ಲೋಟ ಇಟ್ಟು ನೋಡಿದೆ. ಒಂದಕ್ಕೆ ತೊಳೆದ ಚಮಚ, ಇನ್ನೊಂದಕ್ಕೆ ನೆಕ್ಕಿದ ಚಮಚ. ನೆಕ್ಕಿದ್ದು ಸೋತಿತು!

ಜೊಲ್ಲಿನಲ್ಲಿ ಅಮೈಲೇಸ್ ಎಂಬ ಕಿಣ್ವ ಇದೆ. ಅದು ಕತ್ತರಿ. ಪಿಷ್ಟದ ಉದ್ದ ನೂಲನ್ನು ನಡುನಡುವೆ ಕಚಕ್ ಎಂದು ಕತ್ತರಿಸುತ್ತದೆ. ಕತ್ತರಿ ಸವೆಯುವುದಿಲ್ಲ, ಒಂದು ನೂಲು ಮುಗಿದರೆ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಚೂರು ಜೊಲ್ಲು ಸಾಕು. 'ಎಂಜಲು ಮಾಡಬೇಡ' ಎಂಬ ಮಾತಿಗೆ ಮಡಿಯವರು ಎಂದೂ ಹೇಳದ ಕಾರಣ ಇದು. ಹಾಗಂತ 'ನಮ್ಮ ಹಿರಿಯರಿಗೆ ಕಿಣ್ವ ಗೊತ್ತಿತ್ತು' ಎಂದು ವಾಟ್ಸಾಪ್‌ನಲ್ಲಿ ಹಂಚಬೇಡಿ, ದಯವಿಟ್ಟು.

ತಮಾಷೆ ಅಂದರೆ ತೆರಿಯಾಕಿಯ ಹೊಳಪು ಹುಟ್ಟುವುದೂ ಇದೇ ಬಗೆಯ ಕತ್ತರಿಯಿಂದ. ಮಿರಿನ್ ಮಾಡುವಾಗ ಅಂಟಕ್ಕಿಯ ಜೊತೆ ಕೋಜಿ ಎಂಬ ಬೂಷ್ಟು ಬೆಳೆಸಿದ ಅಕ್ಕಿ ಸೇರಿಸುತ್ತಾರೆ. ಕೋಜಿಯ ಅಮೈಲೇಸ್ ಅಕ್ಕಿಯ ಪಿಷ್ಟವನ್ನು ಕತ್ತರಿಸಿ ಸಕ್ಕರೆ ಮಾಡುತ್ತದೆ, ಆ ಸಕ್ಕರೆಯೇ ಮೀನಿನ ಮೇಲೆ ಹೊಳೆಯುವುದು. ಜಪಾನಿನ ಜೋಕಿಚಿ ತಕಾಮಿನೆ ಅಮೆರಿಕಕ್ಕೆ ಹೋಗಿ ಇದೇ ಬೂಷ್ಟಿನ ಕಿಣ್ವಕ್ಕೆ 1894ರಲ್ಲಿ ಪೇಟೆಂಟ್ ಪಡೆದರು. 'ತಕಾ-ಡಯಾಸ್ಟೇಸ್' ಎಂಬ ಹೆಸರಲ್ಲಿ ಅದು ಅಜೀರ್ಣದ ಔಷಧಿಯಾಗಿ ಮಾರಾಟವಾಯಿತು. ಅಂದರೆ ಒಂದೇ ಬಾಣಲೆಯಲ್ಲಿ ಕತ್ತರಿಸಿದ ಪಿಷ್ಟ ಹೊಳಪು ಕೊಡುತ್ತದೆ, ಕತ್ತರಿಸದ ಪಿಷ್ಟ ಗಟ್ಟಿತನ ಕೊಡುತ್ತದೆ.

ಅಂಗಡಿಯಿಂದ ತರುವುದಾದರೆ ಬಾಟಲಿಯ ಹಿಂದಿನ ಚೀಟಿ ಓದಿ. ಮಾಂಸ ನೆನೆಸಲು ಮಾಡಿದ್ದು ನೀರಾಗಿಯೇ ಇರುತ್ತದೆ. ಅದ್ದಲು ಬೇಕಾದರೆ ಕ್ಸಾಂಥನ್ ಗಮ್ ಇರುವುದನ್ನು ಹುಡುಕಿ. ಅದೂ ಪಿಷ್ಟದ ಹಾಗೆ ಸಾಸನ್ನು ಗಟ್ಟಿ ಮಾಡುವ ವಸ್ತು. ಅದನ್ನು ಮಾಡುವುದು ಒಂದು ಬ್ಯಾಕ್ಟೀರಿಯಾ. ಅಮೆರಿಕದ ಕೃಷಿ ಇಲಾಖೆಯ ಪ್ರಯೋಗಾಲಯದಲ್ಲಿ ಆಲೀನ್ ಜೀನ್ಸ್ ಮತ್ತು ಜೊತೆಗಾರರು ಕಂಡುಹಿಡಿದದ್ದು. ಅಲ್ಲಿ ಆಹಾರಕ್ಕೆ ಒಪ್ಪಿಗೆ ಸಿಕ್ಕಿದ್ದು 1969ರಲ್ಲಿ. ಅದರ ನೂಲನ್ನು ಬೆಸೆದ ಕೊಂಡಿಗಳು ಬೇರೆ ಥರ, ಜೊಲ್ಲಿನ ಕತ್ತರಿ ಅಲ್ಲಿ ನಡೆಯುವುದಿಲ್ಲ. ಅಂಥ ಒಂದು ಬಾಟಲಿ ತಂದು ಮಗಳ ಮುಂದಿಟ್ಟೆ. ಕಚ್ಚಿದಳು, ಅದ್ದಿದಳು, ಮತ್ತೆ ಕಚ್ಚಿದಳು. ಅರ್ಧ ಗಂಟೆಯಾದರೂ ಬಟ್ಟಲು ಓರೆ ಮಾಡಿದರೆ ಸಾಸ್ ನಿಧಾನಕ್ಕೇ ಜಾರುತ್ತಿತ್ತು.