ನೋವಾ ಸಿಡಿದಾಗ ನಾವು ಲೆಕ್ಕ ಹಾಕುವುದೇನು?

2021ರ ಆಗಸ್ಟ್ 8ರಂದು ಉರಗಧರ ರಾಶಿಯ ಆರ್‌ಎಸ್ ಒಫಿಯುಕಿ ಮತ್ತೆ ಸಿಡಿಯಿತು. 1898, 1985, 2006ರಲ್ಲೂ ಸಿಡಿದಿತ್ತು. ನಕ್ಷತ್ರ ಹೀಗೆ ಹಠಾತ್ತನೆ ಸಿಡಿದು ಬೆಳಗುವುದಕ್ಕೆ ನೋವಾ ಅನ್ನುತ್ತಾರೆ. ನೋವಾ ಅಂದ್ರೆ ನಕ್ಷತ್ರದ ಸಾವು ಅಂದುಕೊಂಡವರಿಗೆ ಇದು ಗೊಂದಲ. ಸತ್ತದ್ದು ಮತ್ತೆ ಸಿಡಿಯೋದು ಹೇಗೆ?

ಅಲ್ಲಿರುವುದು ಜೋಡಿ ನಕ್ಷತ್ರ. ಒಂದು ಕೆಂಪು ದೈತ್ಯ. ಇನ್ನೊಂದು ಶ್ವೇತಕುಬ್ಜ: ಭೂಮಿಯಷ್ಟೇ ಗಾತ್ರ, ಸೂರ್ಯನಿಗಿಂತ ಜಾಸ್ತಿ ತೂಕ. ದೈತ್ಯನ ಹೈಡ್ರೋಜನ್ ಕುಬ್ಜದ ಮೇಲೆ ಬಂದು ಪದರವಾಗಿ ಕೂರುತ್ತದೆ. ತಳ ಕಾದು ಸಮ್ಮಿಳನ, ಅಂದರೆ ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದು, ಶುರುವಾಗುತ್ತದೆ. ಮಾಮೂಲಿ ಅನಿಲವಾದರೆ ಹಿಗ್ಗಿ ತಣ್ಣಗಾಗುತ್ತಿತ್ತು. ಇಲ್ಲಿ ಅದು ಅಷ್ಟು ಒತ್ತಿಕೊಂಡಿದೆ ಅಂದರೆ, ಬಿಸಿಯಾದರೂ ಹಿಗ್ಗುವುದಿಲ್ಲ. ವಿಷಲ್ ಕೆಟ್ಟ ಕುಕ್ಕರ್ ಅನ್ನಿ. ಕೊನೆಗೆ ಪದರವೇ ಹಾರಿಹೋಗುತ್ತದೆ. ಕುಬ್ಜ ಉಳಿಯುತ್ತದೆ, ಶೇಖರಣೆ ಮತ್ತೆ ಶುರು.

ಪತ್ರಿಕೆಗಳಿಗೆ ಹೊಳಪು ಸುದ್ದಿ. ನಕ್ಷತ್ರ ನೋಡುವ ನಮಗೆ ಬೇಕಾದ್ದು ರೋಹಿತ: ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಪಟ್ಟಿ. ಅದರಲ್ಲಿ ಹೈಡ್ರೋಜನ್‌ನ ಆಲ್ಫಾ ಅನ್ನೋ ಕೆಂಪು ಗೆರೆ 6563 ಆಂಗ್‌ಸ್ಟ್ರಮ್ ತರಂಗಾಂತರದ ಹತ್ತಿರ ಸಿಗುತ್ತದೆ. ಆರ್‌ಎಸ್ ಒಫಿಯುಕಿ ಸಿಡಿದ ಮೊದಲ ದಿನಗಳಲ್ಲಿ ಅದು ಎರಡೂ ಬದಿಗೆ ಹರಡಿಕೊಂಡಿರುತ್ತದೆ. ನಮ್ಮ ಕಡೆ ಬರುವ, ದೂರ ಹೋಗುವ ಅನಿಲದ ಬೆಳಕಿನ ತರಂಗಾಂತರ ಬದಲಾಗುತ್ತದೆ; ಹಾಗಾಗಿ ಅನಿಲ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಾರುತ್ತಿದೆ ಅಂತ ಅರ್ಥ. ಆ ಅಗಲದ ನೆತ್ತಿಯ ಮೇಲೊಂದು ತೆಳು ಮೊನೆ. ಅದು ದೈತ್ಯ ಮುಂಚೆಯೇ ಮೆಲ್ಲಗೆ ಹೊರಬಿಟ್ಟಿದ್ದ ಅನಿಲದ್ದು. ದಿನ ಕಳೆದಂತೆ ಬುಡದ ಅಗಲ ಕುಗ್ಗುತ್ತದೆ. ಹೊಸ ಅನಿಲ ಹಳೆಯದಕ್ಕೆ ಗುದ್ದಿ ವೇಗ ಕಳೆದುಕೊಳ್ಳುತ್ತಿದೆ. ಆ ಗುದ್ದಾಟ ಎಷ್ಟು ಜೋರೆಂದರೆ, 2021ರಲ್ಲಿ ನಮೀಬಿಯಾದ ಹೆಸ್ ದೂರದರ್ಶಕಗಳಿಗೆ ಅದರಿಂದ ಗಾಮಾ ಕಿರಣಗಳೂ ಸಿಕ್ಕವು.

ಆಗಸ್ಟ್ ಅಂದ್ರೆ ನಮ್ಮ ಕಡೆ ಮೋಡ. ಹಾಗಾಗಿ ಲಡಾಖ್‌ನ ಹಾನ್ಲೆಯಂಥ ಮಳೆ ಕಡಿಮೆ ಇರುವ ಜಾಗದ ಬೆಲೆ ಆಗ ಗೊತ್ತಾಗುತ್ತದೆ. ಅಲ್ಲಿನ 2 ಮೀಟರ್ ದೂರದರ್ಶಕವನ್ನು ಬೆಂಗಳೂರು ಪಕ್ಕದ ಹೊಸಕೋಟೆಯಲ್ಲಿ ಕೂತೇ ನಡೆಸುತ್ತಾರೆ.

ಇಷ್ಟೆಲ್ಲ ಅಳೆಯುವುದು ಒಂದು ಲೆಕ್ಕಕ್ಕಾಗಿ: ಕುಬ್ಜಕ್ಕೆ ಎಷ್ಟು ಬಂತು, ಎಷ್ಟು ಹೋಯಿತು? ಬಂದದ್ದೇ ಜಾಸ್ತಿಯಾದರೆ ತೂಕ ಸೂರ್ಯನ 1.4 ಪಟ್ಟಿನ ಹತ್ತಿರ ಹೋಗುತ್ತದೆ. ಕುಬ್ಜ ಇಂಗಾಲ-ಆಮ್ಲಜನಕದ್ದಾದರೆ ಆಗ ಇಡೀ ನಕ್ಷತ್ರವೇ ಸೂಪರ್‌ನೋವಾ ಆಗಿ ಸಿಡಿಯಬಹುದು. ಈ ಲೆಕ್ಕಕ್ಕೆ ಮತ್ತೆ ಮತ್ತೆ ಸಿಡಿಯುವ ಇನ್ನೊಂದು ನೋವಾ, ಯು ಸ್ಕಾರ್ಪಿ, ಒಳ್ಳೆಯ ಜೋಡಿ. ಸುಮಾರು 1.23 ದಿನಕ್ಕೊಮ್ಮೆ ಒಂದು ನಕ್ಷತ್ರ ಇನ್ನೊಂದನ್ನು ಮರೆಮಾಡಿ ಅಲ್ಲಿ ಗ್ರಹಣ. ಸಿಡಿಯುವ ಮುಂಚೆ, ಸಿಡಿದ ಮೇಲೆ ಗ್ರಹಣದ ಸಮಯ ಅಳೆದು, ಸುತ್ತುವ ಅವಧಿ ಬದಲಾದದ್ದರಿಂದ ಎಷ್ಟು ಅನಿಲ ಹಾರಿತು ಅಂತ ಅಂದಾಜು ಮಾಡುತ್ತಾರೆ.

ಆದರೆ 'ಮುಂಚೆ'ಯ ಅಳತೆ ಸಿಡಿದ ಮೇಲೆ ಸಿಗೋದಿಲ್ಲ, ಅಲ್ವಾ? ಅದಕ್ಕೇ ನಕ್ಷತ್ರ ಸುಮ್ನಿದ್ದಾಗಲೂ ಅದರ ಮೇಲೆ ದೂರದರ್ಶಕದ ಸಮಯ ಕೇಳುತ್ತೇವೆ. ಸಮಯ ಹಂಚುವ ಸಮಿತಿಗೆ ಇದು ಅಷ್ಟು ರುಚಿಸುವುದಿಲ್ಲ.