ಉಪ್ಪು, ಮರಳು, ಕಬ್ಬಿಣದ ಪುಡಿ, ನವಸಾಗರ: ಮೊದಲು ಯಾವುದು?

ಕಲಬುರಗಿ ಕಡೆ ತೊಗರಿ ರಾಶಿ ನೋಡಿದವರಿಗೆ ಮಿಶ್ರಣ ಬೇರ್ಪಡಿಸುವ ಈ ಪಾಠ ಅರ್ಧ ಬಂದ ಹಾಗೇ. ಗಾಳಿಗೆ ತೂರಿದರೆ ಹೊಟ್ಟು ದೂರ ಹಾರುತ್ತದೆ, ಕಾಳು ಬುಡದಲ್ಲೇ ಬೀಳುತ್ತದೆ. ಸಾಣಿಗೆ ಹಿಡಿದರೆ ಸಣ್ಣ ಮಣ್ಣು ಕೆಳಗಿಳಿಯುತ್ತದೆ. ಕಾಳಿನಷ್ಟೇ ದಪ್ಪದ ಕಲ್ಲು ಮಾತ್ರ ಎರಡಕ್ಕೂ ಜಗ್ಗುವುದಿಲ್ಲ. ಅದನ್ನು ಕೂತು ಆರಿಸಬೇಕು, ಇಲ್ಲವೇ ನೀರಲ್ಲಿ ಗಾಲಿಸಬೇಕು. ತೂರು, ಸಾಣಿಸು, ಆರಿಸು, ಗಾಲಿಸು. ಮನೆಯ ಈ ಒಂದೊಂದು ಮಾತಿನ ಹಿಂದೆಯೂ ಒಂದೊಂದು ಭೌತಿಕ ಗುಣ ಇದೆ: ತೂಕ, ಗಾತ್ರ, ಬಣ್ಣ, ಸಾಂದ್ರತೆ.

ಪರೀಕ್ಷೆಯಲ್ಲಿ ಕೇಳುವುದು ಶೀರ್ಷಿಕೆಯಲ್ಲಿರುವ ನಾಲ್ಕರ ಮಿಶ್ರಣ. ಗುಣಗಳು ಎಲ್ಲರಿಗೂ ಬಾಯಿಪಾಠ. ಎಡವುವುದು ಕ್ರಮದಲ್ಲಿ. ಮೊದಲ ಸಲ ನಾನು ಸುಮ್ನೆ ನೀರು ಸುರಿದೆ. ಉಪ್ಪಿನ ಜೊತೆ ನವಸಾಗರವೂ (ಅಮೋನಿಯಂ ಕ್ಲೋರೈಡ್) ಕರಗಿಹೋಯಿತು! ಕಬ್ಬಿಣದ ಪುಡಿ ಮರಳಿಗೆ ಅಂಟಿಕೊಂಡಿತು, ಮಾರನೇ ದಿನ ತುಕ್ಕು. ತುಕ್ಕನ್ನು ಕಬ್ಬಿಣದಂತೆ ಅಯಸ್ಕಾಂತ ಸೆಳೆಯುವುದಿಲ್ಲ. ಅಲ್ಲಿಗೆ ಆಟ ಮುಗಿಯಿತು.

ಹಾಗಾಗಿ ಒಣಗಿರುವಾಗಲೇ ಅಯಸ್ಕಾಂತ. ಅದಕ್ಕೊಂದು ಕಾಗದ ಸುತ್ತಿ. ಕಾಗದ ಬಿಚ್ಚಿದರೆ ಪುಡಿ ಉದುರುತ್ತದೆ, ಇಲ್ಲದಿದ್ದರೆ ಕೆರೆದು ತೆಗೆಯುತ್ತಾ ಕೂರಬೇಕು.

ಆಮೇಲೆ ಉತ್ಪತನ, ಅಂದರೆ ಘನ ವಸ್ತು ದ್ರವವಾಗದೇ ನೇರ ಆವಿಯಾಗುವುದು. ಪಿಂಗಾಣಿ ಬಟ್ಟಲಿನ ಮೇಲೆ ಆಲಿಕೆ ಬೋರಲು ಹಾಕಿ, ಅದರ ಕೊಳವೆಗೆ ಹತ್ತಿ ತುರುಕಿ ಕಾಯಿಸಿ. ನವಸಾಗರ ಸುಮಾರು 338 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗದೇ ಆವಿಯಾಗಿ, ಆಲಿಕೆಯ ತಣ್ಣನೆಯ ಗೋಡೆಗೆ ಬಿಳಿ ಪುಡಿಯಾಗಿ ಕೂರುತ್ತದೆ. ಉಪ್ಪು ಕರಗಲು 801 ಡಿಗ್ರಿ ಬೇಕು, ಅದು ಅಲ್ಲಾಡುವುದಿಲ್ಲ. ಹೊಗೆಗೆ ಕೆಮ್ಮು ಬರುತ್ತದೆ, ಕಿಟಕಿ ತೆರೆದಿಡಿ. ನಿಜ ಹೇಳಬೇಕೆಂದರೆ ಇಲ್ಲಿ ನವಸಾಗರ ಅಮೋನಿಯಾ, ಹೈಡ್ರೋಜನ್ ಕ್ಲೋರೈಡ್ ಎಂದು ಎರಡಾಗಿ ಒಡೆದು, ತಣ್ಣಗಾದಾಗ ಮತ್ತೆ ಕೂಡುತ್ತದೆ. ಶಾಲೆಯ ಉತ್ತರಕ್ಕೆ ಉತ್ಪತನ ಎಂದರೆ ಸಾಕು.

ಬಟ್ಟಲು ಆರಿದ ಮೇಲೆ ನೀರು. ಇಲ್ಲಿ ಕೈ ಹಿಡಿತ ಬೇಕು. 100 ಮಿಲಿಲೀಟರ್ ನೀರಲ್ಲಿ ಸುಮಾರು 36 ಗ್ರಾಂ ಉಪ್ಪು ಕರಗುತ್ತದೆ. 5 ಗ್ರಾಂ ಉಪ್ಪಿಗೆ 20 ಮಿಲಿಲೀಟರ್ ಧಾರಾಳ. ಬೀಕರ್ ತುಂಬ ಸುರಿದರೆ ಆಮೇಲೆ ಅದೆಲ್ಲ ಇಂಗಿಸುವವರು ನೀವೇ ಅಲ್ವಾ? ಸೋಸಿದ ಮೇಲೂ ಮರಳಿಗೆ ಉಪ್ಪುನೀರು ಅಂಟಿರುತ್ತದೆ. ಚೂರು ನೀರಿನಿಂದ ಇನ್ನೊಮ್ಮೆ ತೊಳೆದು ಅದನ್ನೂ ಸೇರಿಸಿ.

ಬಿಸಿ ಮಾಡಿ ತಣಿಸಿದರೆ ಉಪ್ಪು ಬರುವುದಿಲ್ಲವೇ ಎಂದು ಗೆಳೆಯನೊಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಆದರೆ ಕುದಿಯುವ 100 ಮಿಲಿಲೀಟರ್ ನೀರಲ್ಲೂ ಕರಗುವುದು 39 ಗ್ರಾಂ ಅಷ್ಟೇ. ತಣಿಸಿದರೆ ಸಿಗುವುದು ಬರೀ ಮೂರು ಗ್ರಾಂ. ಆದ್ದರಿಂದ ನೀರನ್ನೇ ಆವಿ ಮಾಡಬೇಕು. ಕೊನೆಗೆ ಉರಿ ಸಣ್ಣದಿರಲಿ, ಉಪ್ಪು ಸಿಡಿಯುತ್ತದೆ.

ಅವಸರವಿಲ್ಲದಿದ್ದರೆ ಉರಿಯೂ ಬೇಡ. ಸೋಸಿದ ನೀರನ್ನು ತಟ್ಟೆಗೆ ಹಾಕಿ ನಮ್ಮ ಮೇ ತಿಂಗಳ ಬಿಸಿಲಿಗಿಡಿ. ನೆರಳಲ್ಲಿಟ್ಟರೆ ಇನ್ನೂ ನಿಧಾನ, ಆದರೆ ಹರಳು ದಪ್ಪಗೆ, ಚೌಕಚೌಕವಾಗಿ ಕೂರುತ್ತವೆ.