ಕವಿಯ ಹೆಸರು ಕವರಿನ ಮೇಲೆ ಬಂದ ಕಥೆ

ನಮ್ಮೂರು ತೀರ್ಥಹಳ್ಳಿ ಕಡೆ. ಚಿಕ್ಕವನಿದ್ದಾಗ ಮದುವೆ ಮನೆಗೆ ಹೋದರೆ ನಾನು ಮೊದಲು ಓಡುತ್ತಿದ್ದಿದ್ದು ಮೈಕ್ ಸೆಟ್ಟಿನವರ ಹತ್ತಿರ. ಚಪ್ಪರದ ಮೂಲೆಯಲ್ಲಿ ಅವರ ತಗಡಿನ ಟ್ರಂಕು ಇರುತ್ತಿತ್ತು. ಅದರ ತುಂಬಾ ಹಾಡಿನ ಪ್ಲೇಟುಗಳು. ಮುಟ್ಟಿದರೆ ಬೈಯುತ್ತಿದ್ದರು. ಆದರೆ ಒಂದು ಪ್ಲೇಟು ತಿರುಗುತ್ತಿರುವಷ್ಟು ಹೊತ್ತು ಅದರ ಕವರನ್ನು ಟ್ರಂಕಿಗೆ ಒರಗಿಸಿ ಇಡುತ್ತಿದ್ದರು. ಹಾಡು ಕೇಳುತ್ತಾ ಅದನ್ನೇ ನೋಡುತ್ತಾ ಕೂರುತ್ತಿದ್ದೆ. ಒಂದು ಕವರು ಈಗಲೂ ಕಣ್ಣಲ್ಲಿದೆ. ನಾಯಕನ ಮುಖ ಅರ್ಧ ನೀಲಿ, ಅರ್ಧ ಕಿತ್ತಳೆ. ನೀಲಿ ಕೆನ್ನೆಯ ಮೇಲೆ ಕುಂಚ ಎಳೆದ ಗೆರೆಗಳು ಕಾಣುತ್ತಿದ್ದವು. ಆ ಹಾಡು ಹಾಡಿದ್ದೂ ಅವರೇ ಅಂತ ತುಂಬಾ ವರ್ಷ ನಂಬಿದ್ದೆ.

ಮೊದಮೊದಲು ಪ್ಲೇಟುಗಳಿಗೆ ಇಂಥ ಚಿತ್ರ ಇರುತ್ತಿರಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಪ್ಲೇಟು ಸಾಮಾನ್ಯವಾಗಿ ಬರುತ್ತಿದ್ದಿದ್ದು ಕಂದು ಕಾಗದದ ಚೀಲದಲ್ಲಿ. ಒಂದು ಬದಿಗೆ ಮೂರ್ನಾಲ್ಕು ನಿಮಿಷದ ಹಾಡು ಮಾತ್ರ ಹಿಡಿಸುತ್ತಿತ್ತು. ಹಾಗಾಗಿ ದೊಡ್ಡ ಸಂಗೀತ ಕೃತಿಯಾದರೆ ನಾಲ್ಕೈದು ಪ್ಲೇಟನ್ನು ಫೋಟೊ ಆಲ್ಬಮ್ಮಿನ ಹಾಗೆ ಒಟ್ಟಿಗೆ ಕಟ್ಟಿ ಮಾರುತ್ತಿದ್ದರು. ಹಾಡಿನ ಕಟ್ಟಿಗೆ ಆಲ್ಬಮ್ ಅನ್ನುವ ಹೆಸರು ಬಂದಿದ್ದೇ ಅಲ್ಲಿಂದ. ಅಮೆರಿಕದ ಕೊಲಂಬಿಯಾ ಕಂಪನಿಗೆ 1938ರ ಹೊತ್ತಿಗೆ ಸೇರಿದ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಯುವಕ ಆ ಬೋಳು ರಟ್ಟಿನ ಮೇಲೆ ಚಿತ್ರ ಹಾಕಿಸಿದರು. ಮಾರಾಟ ಏರಿತು. 1948ರಲ್ಲಿ ಅದೇ ಕಂಪನಿ ಎಲ್‌ಪಿ, ಅಂದರೆ ಹೆಚ್ಚು ಹೊತ್ತು ಹಾಡುವ ದೊಡ್ಡ ಪ್ಲೇಟು ತಂದಾಗ 12 ಇಂಚಿನ ಚೌಕ ಚಿತ್ರಗಾರರ ಕೈಗೆ ಸಿಕ್ಕಿತು.

ನಮ್ಮಲ್ಲಿ ಆ ಚೌಕವನ್ನು ಸಿನಿಮಾ ತೆಗೆದುಕೊಂಡಿತು. ಪ್ಲೇಟು ಮಾರಾಟವಾಗುತ್ತಿದ್ದಿದ್ದು ಸಿನಿಮಾದ ಹೆಸರಿನಲ್ಲಿ. ಹಾಗಾಗಿ ಕವರು ಅಂದರೆ ಒಂದು ಸಣ್ಣ ಪೋಸ್ಟರ್. ಮುಂದೆ ನಾಯಕ, ನಾಯಕಿ. ಹಾಡಿದವರು, ಬರೆದವರು ಹಿಂದೆ, ಸಣ್ಣ ಅಕ್ಷರದಲ್ಲಿ. 1974ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. ಅದಕ್ಕೆ ಮೊದಲು ಅವರ ಎಷ್ಟೋ ಹಾಡುಗಳ ದನಿ ಪಿ.ಬಿ. ಶ್ರೀನಿವಾಸ್ ಅವರದು. ಅಂಥ ಗಾಯಕರ ಮುಖ ನಮಗೆ ಗೊತ್ತೇ ಇರಲಿಲ್ಲ. ನನಗಿದು ಅನ್ಯಾಯ ಅಂತಲೇ ಅನಿಸುತ್ತದೆ.

ಇದು ಬದಲಾಗಿದ್ದು ಕ್ಯಾಸೆಟ್ಟಿನಿಂದ. ಫಿಲಿಪ್ಸ್ ಕಂಪನಿ 1963ರಲ್ಲಿ ತಂದ ಈ ಪುಟ್ಟ ಡಬ್ಬಿ ನಮ್ಮ ಹಳ್ಳಿಗಳನ್ನು ತಲುಪಿದ್ದು ಎಂಬತ್ತರ ದಶಕದಲ್ಲಿ. ಚಿತ್ರದ ಜಾಗ ಅಂಗೈಯಷ್ಟಾಯಿತು. ಆದರೆ ಕ್ಯಾಸೆಟ್ ಮಾಡುವ ಖರ್ಚು ಕಡಿಮೆ. ಸಿನಿಮಾದ ಆಸರೆ ಇಲ್ಲದ ಹಾಡುಗಳಿಗೂ ದಾರಿ ಆಯಿತು. 1978ರಲ್ಲಿ ‘ನಿತ್ಯೋತ್ಸವ’ ಬಂತು. ಕನ್ನಡದ ಮೊದಲ ಭಾವಗೀತೆ ಕ್ಯಾಸೆಟ್ ಅಂತ ಅದನ್ನು ಗುರುತಿಸುತ್ತಾರೆ. ಕವಿ ನಿಸಾರ್ ಅಹಮದ್ ನಮ್ಮ ಶಿವಮೊಗ್ಗದ ಸಹ್ಯಾದ್ರಿ ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿದವರು. ಹಾಡು ಶುರುವಾಗುವುದೇ ಜೋಗದಿಂದ. ಸಂಗೀತ ಮೈಸೂರು ಅನಂತಸ್ವಾಮಿಯವರದು.

ಭಾವಗೀತೆಗೆ ನಾಯಕನೂ ಇಲ್ಲ, ನಾಯಕಿಯೂ ಇಲ್ಲ. ಕವರಿನ ಮೇಲೆ ಹಾಕಲು ಉಳಿದವರು ಕವಿ ಮತ್ತು ಗಾಯಕರೇ ಅಲ್ವಾ? ಕನ್ನಡಕ ಹಾಕಿದ, ತಲೆ ನೆರೆತ ಕವಿಯೊಬ್ಬರ ಫೋಟೊ ನೋಡಿ ಜನ ದುಡ್ಡು ಕೊಟ್ಟು ಹಾಡು ಕೊಂಡ ಕಾಲ ಅದು. ನೆನೆಸಿಕೊಂಡರೆ ಈಗಲೂ ಹೆಮ್ಮೆ ಅನಿಸುತ್ತದೆ. ‘ಕಾಡು ಕುದುರೆ’ ಹಾಡಿಗೆ ರಾಷ್ಟ್ರಪ್ರಶಸ್ತಿ ಪಡೆದ ಸುಬ್ಬಣ್ಣನವರ ಹೆಸರಿನ ಜೊತೆಗೆ ‘ಶಿವಮೊಗ್ಗ’ ಅನ್ನುವ ಊರಿನ ಹೆಸರೂ ಕ್ಯಾಸೆಟ್ಟಿನ ಮೇಲೆ ಅಚ್ಚಾಗಿ ನಾಡೆಲ್ಲ ಸುತ್ತಿತು. ಯಕ್ಷಗಾನದ ಕ್ಯಾಸೆಟ್ಟುಗಳೂ ಹಾಗೇ. ಮುಂಡಾಸು ಕಟ್ಟಿದ ಭಾಗವತರ ಫೋಟೊ ಮುಂದೆಯೇ ಇರುತ್ತಿತ್ತು. ಹೆಸರಾಂತ ಭಾಗವತ ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೂ ನಮ್ಮ ಕಡೆಯ ಮನೆಗಳಲ್ಲಿ ಅವರ ಪದ ಕೇಳುತ್ತಲೇ ಇತ್ತು.

ಮಲೆನಾಡಿನ ಮಳೆ ಮಾತ್ರ ಇವನ್ನೆಲ್ಲ ಸುಮ್ನೆ ಬಿಡಲಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಅದರ ಆಸುಪಾಸಿನ ಮನೆಗಳಲ್ಲಿ ಜೂನ್ ಬಂತೆಂದರೆ ರಟ್ಟು, ಅಂಟು, ಕಾಗದ ಎಲ್ಲಕ್ಕೂ ಬೂಷ್ಟು. ಅಮ್ಮ ಕ್ಯಾಸೆಟ್ಟುಗಳನ್ನು ಚೀಲಕ್ಕೆ ತುಂಬಿ ಒಲೆ ಮೇಲಿನ ಅಟ್ಟಕ್ಕೆ ಏರಿಸುತ್ತಿದ್ದರು. ಬೂಷ್ಟು ತಪ್ಪಿದರೆ ಹೊಗೆ ಹಿಡಿಯುತ್ತಿತ್ತು. ಕ್ಯಾಸೆಟ್ ಡಬ್ಬಿಯೊಳಗಿನ ಮುಖಚಿತ್ರದ ಕಾರ್ಡಿನ ಮಡಿಕೆಯಲ್ಲಿ ಬಣ್ಣ ಮೊದಲು ಹೋಗಿ ಬಿಳಿ ಗೆರೆ ಬೀಳುತ್ತಿತ್ತು.

ಆಮೇಲೆ ಸಿಡಿ ಬಂತು. ನೂರು ಹಾಡಿನ ಎಂಪಿ3 ತಟ್ಟೆ ಬಂದಾಗ ಹಾಡಿನ ಮೊದಲ ಸಾಲು ಬಿಟ್ಟು ಬೇರೆ ಹೆಸರಿಗೆ ಜಾಗವೇ ಉಳಿಯಲಿಲ್ಲ. ಈಗ ಫೋನಿನಲ್ಲಿ ಕವರು ಉಗುರಿನಷ್ಟು. ಚಿತ್ರ ಚಿಕ್ಕದಾಗಿದ್ದಕ್ಕೆ ನನಗೆ ಅಷ್ಟು ಬೇಜಾರಿಲ್ಲ. ಬರೆದವರ ಹೆಸರು ಮತ್ತೆ ಹಿಂದಕ್ಕೆ ಹೋಯಿತಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತದೆ.

ಮೊನ್ನೆ ಅಕ್ಕನ ಮಗಳು ಫೋನಿನಲ್ಲಿ ಒಂದು ಭಾವಗೀತೆ ಹಾಕಿ, ‘ಇದು ಯಾರು ಬರೆದಿದ್ದು ಮಾವ?’ ಅಂತ ಕೇಳಿದಳು. ಫೋನಿನಲ್ಲಿ ಗಾಯಕರ ಹೆಸರಷ್ಟೇ ಇತ್ತು. ಅಟ್ಟದಿಂದ ಹಳೇ ಚೀಲ ಇಳಿಸಿದೆ. ಅವಳಮ್ಮ ಕಾಲೇಜಿಗೆ ಹೋಗುವಾಗ ಯಾರದೋ ಕ್ಯಾಸೆಟ್ಟಿನಿಂದ ಖಾಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡಿದ್ದ ಹಾಡುಗಳು ಸಿಕ್ಕವು. ಗೆರೆ ಹಾಕಿದ ಕಾರ್ಡಿನ ಮೇಲೆ ಅಕ್ಕನ ದುಂಡು ಅಕ್ಷರ, ಹಸಿರು ಇಂಕು. ಮುಖಚಿತ್ರ ಇಳಿಸಿಕೊಳ್ಳಲು ಆಗದಿದ್ದರೂ ಪ್ರತಿ ಹಾಡಿನ ಎದುರು ಕವಿಯ ಹೆಸರು ಬರೆದಿದ್ದಳು. ಹುಡುಗಿ ಬೆರಳಿಟ್ಟು ಒಂದೊಂದೇ ಓದಿದಳು. ಅವಳು ಕೇಳಿದ ಹಾಡು ಬಿ ಸೈಡಿನ ನಾಲ್ಕನೆಯದು. ಆ ಸಾಲಿನ ತುದಿಯನ್ನು ಬೂಷ್ಟು ತಿಂದಿತ್ತು. ಅಲ್ಲೇ ಕೂತು ಅಮ್ಮನಿಗೆ ಫೋನ್ ಹಚ್ಚಿದಳು.